ನಮ್ಮ ವಾರ್ಡಿನ ಮೂರು ಓಟು

ಕ್ಯಾಸಂಬಳ್ಳಿ ಕಡೆಯ ನಮ್ಮೂರಲ್ಲಿ ಈಗ ಕಷ್ಟದ ಮನೆ ಬೇಕೆಂದರೆ ಹುಡುಕಬೇಕು. ಟೊಮೆಟೊ, ಹಾಲು, ಸೈಟು ಸೇರಿ ಊರಿಗೇ ಗ್ರಾನೈಟ್ ಹಾಸಿಬಿಟ್ಟಿವೆ. ನೀರು ಟ್ಯಾಂಕರಿನಲ್ಲಿ ಬರುತ್ತದೆ. ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆ ಎಲ್ಲಿತ್ತೆಂದು ಹೊಸಬರಿಗೆ ಗೊತ್ತಿಲ್ಲ. ಹಳಬರಿಗೆ ಗೊತ್ತು, ಆದರೆ ಅದರ ಮೇಲೆ ಅವರವರ ಕಾಂಪೌಂಡೇ ನಿಂತಿರುವುದರಿಂದ ಯಾರೂ ಮಾತೆತ್ತುವುದಿಲ್ಲ. ಅದರ ಮೇಲೆ ನಿಂತಿರುವ ನನ್ನ ಆಸ್ತಿ ಎಂದರೆ ಕಾರ್ ಶೆಡ್ಡು.

ಕಳೆದ ಪಂಚಾಯ್ತಿ ಚುನಾವಣೆಯಲ್ಲಿ ಮಾತೆತ್ತಿದವರು ಒಬ್ಬರೇ, ರಿಟೈರಾದ ಪೋಸ್ಟ್‌ಮ್ಯಾನ್. ಹೊಲಿಗೆ ಮಿಷನ್ ಗುರುತು. ಕಾಗದ ಹಂಚುತ್ತಿದ್ದ ಹಾಗೆಯೇ ಮನೆಮನೆಗೆ ನಡೆದು ಬಂದು ಹೇಳಿದ್ದು ಒಂದೇ ಮಾತು: "ಗೆದ್ರೆ ಕಾಲುವೆ ಬಿಡಿಸ್ತೀನಿ. ನಿಮ್ ಕಾಂಪೌಂಡೂ ಓಗ್ತದೆ, ನಮ್ ದನದ ಕೊಟ್ಗೇನೂ ಓಗ್ತದೆ."

ಓಟು ಕೇಳುವ ರೀತಿಯೇ ಇದು? ಎದುರು ಮನೆಯವನಂತೂ ನಕ್ಕು ನಕ್ಕು ಕೆಮ್ಮಿಬಿಟ್ಟ. "ಅಣ್ಣೋ, ಕೆರೆ ಯಾತಕ್ಕೆ? ಫೋನ್ ಒತ್ತಿದ್ರೆ ಟ್ಯಾಂಕರ್ ಬತ್ತದೆ. ಕೆರೆ ಬತ್ತದಾ?"

ನಮ್ಮ ಮನೆಯಲ್ಲಿರುವ ಸೋದರತ್ತೆ ಮಾತ್ರ ನಗಲಿಲ್ಲ. ನನಗೆ ಮಾತು ಕಲಿಸಿದವಳು ಅವಳೇ, ಬೈಗುಳ ಸಮೇತ. ಆ ಕೆರೆಯಲ್ಲಿ ಈಜು ಕಲಿತ ಹೆಂಗಸು.

"ನಿಜ ಯೋಳಿ ಓಟು ಕೇಳ್ದೋನು ಇವನೊಬ್ನೇ ಕಣ್ಲಾ. ನೀನೂ ಇವನಿಗೇ ಆಕ್ತೀಯ ತಾನೆ?"

"ಆಕ್ತೀನಿ ಬಿಡತ್ತೆ."

"ಶೆಡ್ಡು ಓಗ್ತದೆ."

"ಓಗ್ಲಿ."

ಹಾಗೆಂದಾಗ ನನಗೇ ನನ್ನ ಮೇಲೆ ಗೌರವ ಬಂತು. ಹೇಗೂ ಅವರು ಗೆಲ್ಲುವುದಿಲ್ಲವಲ್ಲ ಎಂಬ ಧೈರ್ಯವೂ ಒಳಗಿತ್ತು ಅನ್ನಿ.

ಓಟಿನ ದಿನ ಅರ್ಧ ಊರಿಗೆ ಬೀಗ. ರಜೆ ಸಿಕ್ಕಿತೆಂದು ಕೆಲವರು ಟೂರು ಹೊರಟಿದ್ದರು, ಕೆಲವರು ರಾಬರ್ಟ್‌ಸನ್‌ಪೇಟೆಗೆ ಬಿರಿಯಾನಿಗೆ. ಅತ್ತೆ ರೇಷ್ಮೆ ಸೀರೆ ಉಟ್ಟು ಬೆಳಿಗ್ಗೆಯೇ ತಯಾರಾಗಿದ್ದಳು. ಅದೇ ಶೆಡ್ಡಿನಿಂದ ಕಾರು ತೆಗೆದು, ಮಹಾರಾಣಿಯ ಹಾಗೆ ಕೂರಿಸಿಕೊಂಡು ಸ್ಕೂಲಿಗೆ ಕರೆದೊಯ್ದೆ.

ರಟ್ಟಿನ ಮರೆಯಲ್ಲಿ ಮುದ್ರೆ ಹಿಡಿದು ನಿಂತಾಗ ಬಂತು ನೋಡಿ ಅನುಮಾನ. ಹೊರಗೆ ನಕ್ಕವರೆಲ್ಲ ಒಳಗೆ ಬಂದು ಮಿಷನ್ನಿಗೇ ಒತ್ತಿದ್ದರೆ? ಅಕಸ್ಮಾತ್ ಮನುಷ್ಯ ಗೆದ್ದೇಬಿಟ್ಟರೆ? ಶೆಡ್ಡಿಗೆ ಹೊಸ ಶೀಟು ಹಾಕಿಸಿ ವರ್ಷವೂ ಆಗಿರಲಿಲ್ಲ. ನನ್ನ ಕೈ ಪಕ್ಕದ ಗುರುತಿಗೆ ಜಾರಿತು. ಜಾರಿತು ಅನ್ನುವುದೂ ಸುಳ್ಳೇ, ಚೆನ್ನಾಗಿ ನೋಡಿಕೊಂಡೇ ಒತ್ತಿದೆ.

ಎಣಿಕೆಯ ದಿನ ಎದುರು ಮನೆಯವನು ಬೈಕು ನಿಲ್ಲಿಸುವ ಮೊದಲೇ ಕೂಗಿದ: "ಮಿಷನ್ನಿಗೆ ಮೂರೇ ಓಟು!"

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಬೆರಳು ಮಡಿಸಿದಳು. "ಅವನ್ದೊಂದು. ಅವನೆಂಡ್ತೀದೊಂದು. ನನ್ದೊಂದು." ನಾಲ್ಕನೆಯ ಬೆರಳು ಹಾಗೇ ನಿಂತಿತು. ನನ್ನ ಕಡೆ ನೋಡಿದಳು.

"ಅವರ ಎಂಡ್ತೀನೇ ಆಕಿಲ್ವೇನೋ ಅತ್ತೆ," ಅಂದೆ.

"ಆಯಮ್ಮ ಕೊಟ್ಗೆ ಗೋಡೆ ಆಗ್ಲೇ ಒಡೆಸವ್ಳೆ ಕಣ್ಲಾ."

ನಾನು ಅವರೆಕಾಯಿಗೆ ಕೈ ಹಾಕಿದೆ. ಅವಳು ಮೊರವನ್ನು ಆಚೆ ಎಳೆದುಕೊಂಡಳು. "ಆಕಲ್ಲ ಅಂದಿದ್ರೂ ಆಗ್ತಿತ್ತು. ನಾನೇನು ನಿನ್ನ ಬಡೀತಿದ್ನಾ? ಓಗ್ಲಿ ಅಂದ್ಯಲ್ಲ, ಅಷ್ಟು ಜೋರಾಗಿ."

ಸಂಜೆ ಪೋಸ್ಟ್‌ಮ್ಯಾನ್ ಸೀದಾ ನಮ್ಮ ಮನೆಗೇ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡರು. "ನಮ್ಮನೇವು ಎರಡು. ಆ ಮೂರನೇದು ನಿಮ್ದೇ ಅಂತ ಗೊತ್ತಾಯ್ತು. ಓದಿರೋರು ನೀವು."

ಅತ್ತೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಈಗ ಮಾನ ಹೋಯಿತು ಅಂದುಕೊಂಡೆ.

"ಊಂ ಕಣಪ್ಪಾ," ಅಂದಳು, ಲೋಟ ಅವರಿಗೆ ಕೊಡುತ್ತಾ, "ನಮ್ಮನೇದೇ."

ಅವರು ಹೋದ ಮೇಲೂ ಅತ್ತೆ ಆ ಮಾತೆತ್ತಲಿಲ್ಲ. ಕಾರು ಹತ್ತುವುದನ್ನೂ ಬಿಟ್ಟಿಲ್ಲ. ಬಂಗಾರಪೇಟೆಗೆ ಕಣ್ಣು ತೋರಿಸಲು ಹೊರಟರೆ ಮುಂದಿನ ಸೀಟೇ ಆಗಬೇಕು. ನಾನು ಶೆಡ್ಡಿನಿಂದ ರಿವರ್ಸ್ ತೆಗೆಯುವಾಗ ಮಾತ್ರ ಗಾಜು ಇಳಿಸಿ, ಒಣ ಕಾಂಕ್ರೀಟಿನ ಮೇಲೆ ಇಣುಕಿ ನೋಡಿ, ಪ್ರತಿ ಸಲವೂ ಎಚ್ಚರಿಸುತ್ತಾಳೆ:

"ಮೆಲ್ಲಗೆ ಕಣ್ಲಾ, ಕಾಲುವೆ ಐತೆ."