ಹೊರಗೆ ಕೂತವಳ ಗುಳಿಗೆ

ಆ ಗುಳಿಗೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿತ್ತು, ತಾನು ಮಾತ್ರ ಒಳಗೇ ಉಳಿಯುತ್ತಿತ್ತು. ತೊಂಬತ್ತರ ದಶಕದ ಮಾತು. ಹಾರೂಗೇರಿಯವಳು ನಾನು, ಭೋಜ ಎಂಬ ಊರಿಗೆ ಸೊಸೆಯಾಗಿ ಬಂದಿದ್ದೆ. ಮೊದಲ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತು ಬದುಕಿದ್ದೆ. ಮಗಳಿಗಿನ್ನೂ ಹಲ್ಲು ಬಂದಿರಲಿಲ್ಲ. ಇಷ್ಟರಲ್ಲೇ ಮತ್ತೊಂದು ಬಸಿರು ನಿಂತರೆ ಜೀವಕ್ಕೇ ಎರವು ಎಂದು ಹೆದರಿಸಿ, ನಿಪ್ಪಾಣಿಯ ಮರಾಠಿ ಡಾಕ್ಟರಮ್ಮ ಮೊಲೆಯುಣಿಸುವ ತಾಯಂದಿರಿಗೆಂದೇ ಇರುವ, ಬಸಿರು ತಡೆಯುವ ಗುಳಿಗೆ ಕೊಟ್ಟಿದ್ದರು.

“ಹೆ ಬಘ್ ಬಾಳಾ, ಇಲ್ಲಿ ನೋಡ ಮಗಳ, ಕೂಸಿನ ಹಾಲಿಗೆ ಏನೂ ಆಗೂದಿಲ್ಲ. ದಿನಾ ಒಂದ, ಅದೇ ಹೊತ್ತಿಗೆ. ನಡುವ ಬಿಡೂ ಹಂಗಿಲ್ಲ. ಮುಟ್ಟು ಹಿಂದ ಮುಂದ ಆಗ್ತೈತಿ, ಒಮ್ಮೊಮ್ಮೆ ಸೀರಿಗೆ ರಕ್ತದ ಕಲಿ ಕಾಣಸ್ತೈತಿ. ಅಂಜಬ್ಯಾಡ.”

ಅಂಜಬೇಡ ಅಂದದ್ದೇನೋ ಸರಿ. ನಮ್ಮ ಮನೆಯ ಕಟ್ಟಳೆ ಅವರಿಗೇನು ಗೊತ್ತು? ಒಂದು ಹನಿ ಕಂಡರೂ ಬಾಗಿಲಾಚೆಯ ಕಟ್ಟೆಗೆ ಹೋಗಿ ಕೂಡಬೇಕು, ನಾಲ್ಕನೆಯ ದಿನ ತಲೆಗೆ ಎರೆದುಕೊಂಡೇ ಒಳಗೆ ಬರಬೇಕು. ನಾನು ಮುಟ್ಟಿದ್ದೆಲ್ಲ ತೊಳೆದೇ ಒಳಗೆ ಹೋಗಬೇಕು. ಕೂಸನ್ನು ಕೂಡ ಅಂಗಿ ಕಳೆದು, ಬತ್ತಲೆ ಮಾಡಿ ಎತ್ತಿಕೊಳ್ಳುತ್ತಿದ್ದರು. ಗುಳಿಗೆಯ ಕಾಗದದ ಡಬ್ಬಿ ತೊಳೆಯುವುದು ಹೇಗೆ? ಅದಕ್ಕೇ ಅದು ಒಳಗೇ ಉಳಿಯುತ್ತಿತ್ತು, ಟ್ರಂಕಿನಲ್ಲಿ, ಸೀರೆಗಳ ಕೆಳಗೆ.

ಗುಳಿಗೆ ನುಂಗಿದರೆ ಕಲೆ, ಕಲೆ ಕಂಡರೆ ಕಟ್ಟೆ, ಕಟ್ಟೆಗೆ ಕೂತರೆ ಗುಳಿಗೆಯಿಲ್ಲ. ನನ್ನ ತಲೆ ಗಿರ್ರೆನ್ನುತ್ತಿತ್ತು. ಇದು ಖರೇ ಮುಟ್ಟೋ, ಗುಳಿಗೆಯ ಮುಟ್ಟೋ? ಮುಚ್ಚಿಟ್ಟು ಒಳಗೇ ತಿರುಗಾಡಿದರೆ ದೇವರು ಮುನಿಯುತ್ತಾನೋ, ಹೇಳಿ ಹೊರಗೆ ಕೂತರೆ ಬಸಿರು ನಿಲ್ಲುತ್ತದೋ? ಕೇಳೋಣವೆಂದರೆ ಮನೆಯಲ್ಲಿದ್ದ ಇನ್ನೊಬ್ಬ ಹೆಂಗಸು ಅತ್ತೆ. ಅವರೋ ಮೊಮ್ಮಗನ ದಾರಿ ಕಾಯುತ್ತಿದ್ದವರು.

ಕಡೆಗೆ ಗಂಡನಿಗೇ ಗಂಟುಬಿದ್ದೆ. ಪಾಪ, ಕಬ್ಬಿಗೆ ನೀರು ಹಾಯಿಸಿ ಬಂದು, ದೀಪ ಹಚ್ಚುವ ಹೊತ್ತಿಗೆ ಒಂದು ಗುಳಿಗೆ ತಂದು, ಮೈ ತಾಗದಂತೆ ಮೇಲಿಂದ ನನ್ನ ಅಂಗೈಗೆ ಹಾಕುತ್ತಿದ್ದರು. ಒಂದು ದಿನ ಅತ್ತೆ ನೋಡಿಯೇಬಿಟ್ಟರು.

“ಶಕ್ತಿ ಗುಳಗಿ ಬೇ ಯವ್ವಾ,” ಅಂದರು ಇವರು.

“ಎಂಥಾ ಶಕ್ತಿನೋ! ನುಂಗಿದಂಗ ನುಂಗಿದಂಗ ಹೊರಗ ಕೂಡಾಕತ್ತಾಳ.”

ನಗು ತಡೆದುಕೊಂಡು, ಅವರು ಮತ್ತೇನಾದರೂ ಕೇಳುವ ಮೊದಲೇ ಗುಳಿಗೆ ನುಂಗಿಬಿಟ್ಟೆ.

ಮುಂದೊಮ್ಮೆ ನಾನು ಕಟ್ಟೆಯ ಮೇಲಿದ್ದಾಗ ಇವರು ಜುಗೂಳಕ್ಕೆ, ಅಕ್ಕನನ್ನು ಕೊಟ್ಟ ಬೀಗರ ಮನೆಗೆ ಹೋದರು. ಸಂಜೆಗೆ ಬರುತ್ತೇನೆಂದವರು ಬರಲಿಲ್ಲ. ಬಸ್ಸು ತಪ್ಪಿತೋ, ಬೀಗರು ಬಿಡಲಿಲ್ಲವೋ. ಒಳಗೆ ದೀಪ ಹತ್ತಿತು. ಎದ್ದು ಹೋಗಿ ಟ್ರಂಕು ತೆಗೆಯಲೇ? ತೆಗೆದರೆ ಮನೆಯೆಲ್ಲ ಸಾರಿಸಬೇಕು, ದೇವರ ಜಗಲಿ ತೊಳೆಯಬೇಕು, ಯಾಕೆ ಹೋದೆ ಅಂತಲೂ ಹೇಳಬೇಕು. ಬಿಟ್ಟರೆ? ಹೆರಿಗೆಯ ದಿನ ನನ್ನ ಕೆಳಗಿಂದ ಎಳೆದೆಳೆದು ಎಸೆದ ಬಟ್ಟೆಗಳು ಕಣ್ಣ ಮುಂದೆ ಬಂದವು. ನಾನು ಸತ್ತರೆ ಈ ಕೂಸಿಗೆ ಯಾರು ಅನಿಸಿ, ಅದನ್ನು ಅವುಚಿಕೊಂಡು ಕಣ್ಣೀರು ಹಾಕಿದೆ.

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ನನ್ನ ಟ್ರಂಕಿನ ಡಬ್ಬಿ.

“ಹೊತ್ತಾತಲ್ಲ. ಹಿಡಿ ಕೈ.”

ಗುಳಿಗೆ ಅಂಗೈಗೆ ಬಿತ್ತು. “ಅತ್ತಿ, ಇದು ಶಕ್ತಿದು ರೀ...” ಎಂದು ತೊದಲಿದೆ.

“ಎಂಥಾ ಶಕ್ತಿದಂತ ನನಗ ಗೊತ್ತೈತಿ. ಅಂವಗ ಸಣ್ಣಾಂವ ಇದ್ದಾಗಿಂದ ಸುಳ್ಳ ಹೇಳಾಕ ಬರೂದಿಲ್ಲ.” ತಿರುಗಿ ಹೊರಟವರು ಹೊಸ್ತಿಲಲ್ಲಿ ನಿಂತರು. “ಎಂಟ ಹಡದೇನಿ. ನಿನ್ನ ಗಂಡ ಕಡೀಕಿನಾಂವ. ನಮ್ಮ ಕಾಲಕ್ಕ ಇದು ಸಿಕ್ಕಿದ್ದರ ಅಂವ ಹುಟ್ತಿದ್ದಿಲ್ಲ ನೋಡು.”

ಅದು ಬೈಗುಳವೋ, ಚೇಷ್ಟೆಯೋ, ಎಂಟು ಹೆತ್ತ ಮೈಯ ಸಂಕಟವೋ, ಇವತ್ತಿಗೂ ನನಗೆ ತಿಳಿದಿಲ್ಲ. ಕೇಳಬೇಕೆಂದು ಬಾಯಿ ತೆರೆದೆ.

“ಮೊದಲ ಅದನ್ನ ನುಂಗ ಬೇ,” ಅಂದರು.