ಬ್ಯಾಂಡಿನವರು ಬಾರದ ಮದುವೆ

ಮೊನ್ನೆ ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ ಪೌಡರ್ ಹಚ್ಚಿಸಿಕೊಳ್ಳುತ್ತಿದ್ದವನು ಇದ್ದಕ್ಕಿದ್ದಂತೆ ನಕ್ಕುಬಿಟ್ಟೆ. ಆ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ನನಗೆ ಮಾತ್ರ ನರೋಣಾದ ಸಿದ್ರಾಮನ ತಬಲಾ ನೆನಪಾಗುತ್ತದೆ. ಬೆವರಿದ ಬೆರಳು ಅಂಟಬಾರದೆಂದು ಅವನು ತಬಲಾದ ಮೇಲೆ ಪೌಡರ್ ಸುರಿಯುತ್ತಿದ್ದ. ಮೊದಲ ಪೆಟ್ಟಿಗೇ ಅದು ಹೊಗೆಯಂತೆ ಎದ್ದು ಪಕ್ಕದಲ್ಲಿ ಕೂತ ನನ್ನ ಮೀಸೆಯನ್ನು ಬೆಳ್ಳಗೆ ಮಾಡುತ್ತಿತ್ತು. ಈಗ ಮೀಸೆ ಬೆಳ್ಳಗಾಗಲು ಯಾರ ಸಹಾಯವೂ ಬೇಕಿಲ್ಲ, ಬಿಡಿ.

ಎಂಬತ್ತರ ದಶಕದ ಮಾತು. ನಾನು ಆಳಂದದಲ್ಲಿ ಗುಮಾಸ್ತ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವ ಹುಚ್ಚು. ಸಿದ್ರಾಮ ಒಕ್ಕಲುತನದವನು. ಹಾಡುಗಾರ ರಸೂಲ್ ದರ್ಜಿ. ಅವನು ತತ್ವಪದ ಎತ್ತಿದರೆ ಗಿರಾಕಿಗಳು ಅಳತೆ ಕೊಡುವುದನ್ನೇ ಮರೆಯುತ್ತಿದ್ದರು. ಮೂವರಿಗೂ ಗುರುವಿಲ್ಲ. ನಮ್ಮ ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವವರೆಗೆ ಭಜನೆ ನಡೆಯಬೇಕು. ನಮಗೆ ಕರೆ ಬರುತ್ತಿದ್ದುದು ಅಂಥ ಮನೆಗಳಿಂದಲೇ, ನಮಗೆ ಗೊತ್ತಿದ್ದ ಪದಗಳೂ ಸಾವಿನವೇ. ನಮ್ಮ ಸಂಗೀತವನ್ನು ಕೊನೆತನಕ ಕೇಳಿ ಒಂದು ದೂರೂ ಹೇಳದೆ ಇದ್ದವರು ಆ ತೀರಿಕೊಂಡವರು ಮಾತ್ರ.

ಒಂದು ಬೇಸಿಗೆಯಲ್ಲಿ ಸಿದ್ರಾಮನ ತಂಗಿ ಗುರುಬಾಯಿಯ ಮದುವೆ ಗೊತ್ತಾಯಿತು. ಶನಿವಾರ ಅರಿಶಿನ, ರವಿವಾರ ಅಕ್ಕಿಕಾಳು ಹಾಕುವ ಮುಹೂರ್ತ. ಗಂಡು ಅಫಜಲಪುರದವನು. ತಂದೆಯಿಲ್ಲದ ಮನೆ, ಎಲ್ಲದಕ್ಕೂ ಸಿದ್ರಾಮನೇ ಮುಂದೆ ನಿಲ್ಲಬೇಕು. ಬೀಗರು ಕೇಳಿದ್ದು ಒಂದೇ: ವಾಜಂತ್ರಿ ಜೋರಾಗಿರಬೇಕು. ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ನಾನೂ ರಸೂಲನೂ ಮದುವೆಯ ಹುಗ್ಗಿ ಉಣ್ಣುವ ಆಸೆಯಲ್ಲಿ ನರೋಣಾದಲ್ಲಿ ಬಸ್ಸಿಳಿದರೆ ಸಿದ್ರಾಮ ಹಂದರದ ಕಂಬ ಹಿಡಿದು ನಿಂತಿದ್ದ. ಬ್ಯಾಂಡಿನವರು ಬೇರೆ ಮದುವೆ ಒಪ್ಪಿಕೊಂಡು ಬರುವುದಿಲ್ಲವೆಂದು ಹೇಳಿಕಳಿಸಿದ್ದರು. ಬೀಗರು ಆಗಲೇ ಬಂದು ಊರ ಹೆಬ್ಬಾಗಿಲಲ್ಲಿ, ಅಗಸಿಯಲ್ಲಿ, ಕೂತಿದ್ದರು. ವಾಜಂತ್ರಿಯಿಲ್ಲದೆ ಅವರನ್ನು ಒಳಗೆ ಕರೆತರುವುದು ಹೇಗೆ?

"ಇನ್ನ ನೀವಽ ದಿಕ್ಕು, ನಡೀರ್‍ಲೇ" ಅಂದ ಸಿದ್ರಾಮ.

"ನಮಗ ಮದಿವಿ ಹಾಡ ಎಲ್ಲಿ ಬರ್ತಾವಲೇ?" ಅಂದೆ.

"ಅರೆ, ಪೇಟಿಗೇನ್ ಗೊತ್ತಾಗ್ತದ, ಯಾರ್ ಸತ್ತಾರ, ಯಾರ್ ಮದಿವಿ ಆಗಾಕತ್ಯಾರಂತ?" ಅಂದ ರಸೂಲ್.

ಹೋದಲ್ಲೆಲ್ಲ ನಾನು ಹೊತ್ತೊಯ್ಯುತ್ತಿದ್ದ ಪೇಟಿಗೆ ಹಗ್ಗ ಕಟ್ಟಿ ನನ್ನ ಕೊರಳಿಗೆ ಹಾಕಿದರು. ಸಿದ್ರಾಮ ತಬಲಾಗಳನ್ನು ನಡುವಿಗೆ ಬಿಗಿದುಕೊಂಡ. ಅಗಸಿಯಲ್ಲಿ ರಸೂಲ್ ಕಣ್ಣು ಮುಚ್ಚಿ ದನಿ ಎತ್ತಿದ. ರೂಢಿ ಎನ್ನುವುದು ಎಷ್ಟು ಕೆಟ್ಟದ್ದು ನೋಡಿ, ಬಂದದ್ದು ನಾಲ್ಕು ಜನರ ಹೆಗಲೇರಿ ಕಡೆಯ ಪಯಣ ಹೊರಡುವ ಪದ! ನಾನೂ ಭಕ್ತಿಯಿಂದ ಹಿಂಬಾಲಿಸಿದೆ. ಒಂದು ನುಡಿ ಮುಗಿಯುವಷ್ಟರಲ್ಲಿ ಮದುಮಗನ ಸೋದರಮಾವ, ದೊಡ್ಡ ರುಮಾಲಿನ ಮನುಷ್ಯ, ಎದ್ದು ನಿಂತ.

"ಏನ್ರಿ ಇದು? ನಾವು ಮದಿವಿಗಿ ಬಂದೇವೋ, ಮಣ್ಣಿಗಿ ಬಂದೇವೋ?"

ಸಿದ್ರಾಮ ಬಾರಿಸುವುದನ್ನು ನಿಲ್ಲಿಸಿದ. ಬೀಗರು ಒಬ್ಬೊಬ್ಬರಾಗಿ ಟವೆಲ್ ಕೊಡವಿ ಏಳತೊಡಗಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ಹೆಣ್ಣುದನಿ ಸೋಬಾನೆ ಎತ್ತಿತು. ತಿರುಗಿ ನೋಡಿದರೆ ಗುರುಬಾಯಿ! ಮನೆಯಲ್ಲಿದ್ದವಳ ಕಿವಿಗೆ ನಮ್ಮ ಪದ ಬಿದ್ದು, ಮುಂದೇನಾಗುತ್ತದೆಂದು ತಿಳಿದು, ಅರ್ಧ ಹಚ್ಚಿದ ಅರಿಶಿನದಲ್ಲೇ ಓಡಿ ಬಂದಿದ್ದಳು.

"ಅಣ್ಣಾ, ಧಾಟಿ ಅದಽ ಇರ್ಲಿ. ಓಡ್ಸಿ ಬಾರ್ಸು!"

ಸಿದ್ರಾಮ ಓಡಿಸಿದ. ಅದೇ ಸಾವಿನ ಧಾಟಿ ಎರಡು ಪಟ್ಟು ವೇಗದಲ್ಲಿ ಕುಣಿಯತೊಡಗಿತು. ಅದರ ಮೇಲೆ ಸೋಬಾನೆ ಜಾರದೆ ಕೂತಿತು. ಉಳಿದ ಹೆಂಗಸರೂ ದನಿಗೂಡಿಸಿದರು. ಸೋದರಮಾವ ಸ್ವಲ್ಪ ಹೊತ್ತು ಬಿಗಿದುಕೊಂಡೇ ನಿಂತಿದ್ದ. ಆಮೇಲೆ ರುಮಾಲು ಅಲುಗತೊಡಗಿತು. "ಭೇಷ್! ಇಂಥ ಸೊಸಿ ಬೇಕ್ರಿ ನಮ್ಮನಿಗಿ!" ಎಂದು ಯಾರದೋ ಕೈಯ ತಾಳ ಕಸಿದುಕೊಂಡು ಎಲ್ಲರಿಗಿಂತ ಮುಂದೆ ನಡೆದ.

ಅಲ್ಲಿಂದ ಎರಡು ದಿನ ನಮ್ಮನ್ನು ಯಾರೂ ಕೂರಗೊಡಲಿಲ್ಲ. ಅರಿಶಿನಕ್ಕೆ, ಸುರಗಿ ನೀರಿನ ಸ್ನಾನಕ್ಕೆ, ಅಕ್ಕಿಕಾಳಿಗೆ, ಕಡೆಗೆ ಊಟದ ಪಂಕ್ತಿಗೂ ನಾವೇ. ನಿಂತರೆ ಸೋದರಮಾವನ ಕೂಗು: "ಯಾಕ್ ನಿಂತ್ರಿ? ಹೊಡೀರಿ!" ಗೊತ್ತಿದ್ದ ಮಸಣದ ಧಾಟಿಗಳನ್ನೆಲ್ಲ ಓಡಿಸಿ ಮದುವೆ ಮಾಡಿದೆವು. ಒಬ್ಬ ಅಜ್ಜಿ ರಸೂಲನ ಮುಂದೆ ಬಂದು ನಿಂತು, "ಈ ಧಾಟಿ ಎಲ್ಲ್ಯೋ ಕೇಳೇನಲ್ಲೋ ಯಪ್ಪಾ" ಅಂದಳು. ನಮ್ಮ ಜೀವ ಹಾರಿತು. ಅವಳು ನೆನಪು ಮಾಡಿಕೊಂಡಳು. "ಹಾಂ, ನಮ್ಮ ಮನಿಯವರು ಹೋದಾಗ!" ಎಂದವಳು ಬೊಚ್ಚುಬಾಯಿ ತೆರೆದು ನಕ್ಕಳು. "ಅವರಿಗೂ ಹಿಂಗಽ ಓಡ್ಸಿ ಬಾರ್ಸಿದ್ರ ಎದ್ದು ಕುಂದರ್ತಿದ್ರು."

ರವಿವಾರ ಸಂಜೆಯ ಹೊತ್ತಿಗೆ ರಸೂಲನ ಗಂಟಲಿನಿಂದ ಬರಿ ಗಾಳಿ ಬರುತ್ತಿತ್ತು. ನನ್ನ ಕೊರಳಲ್ಲಿ ಹಗ್ಗದ ಬರೆ, ಸಿದ್ರಾಮನ ಬೆರಳುಗಳಿಗೆ ಅರಿವೆ ಸುತ್ತಿತ್ತು. ಬೀಗರ ಬಸ್ಸು ಹೊರಡುವಾಗ ಗುರುಬಾಯಿ ಅಣ್ಣನ ಕಾಲು ಮುಟ್ಟಿದಳು. ಅವನು ಅಳತೊಡಗಿದ. "ಅಳಬ್ಯಾಡೋ ಅಣ್ಣಾ, ನಿಮ್ಮ ಬಾಜಾ ಕೇಳ್ಕೋತ ಹೋಗ್ತೇನಿ" ಅಂದಳು. ನಾನು ಪೇಟಿಯ ತಿದಿ ಒತ್ತಿದೆ, ಅವನು ಕಣ್ಣೀರಿನಲ್ಲೇ ತಾಳ ಹಿಡಿದ. ಬಸ್ಸು ಧೂಳಿನಲ್ಲಿ ಕಾಣದಾದ ಮೇಲೂ ನಾವು ಬಾರಿಸುತ್ತಲೇ ಇದ್ದೆವು. ಎಲ್ಲಿ ನಿಲ್ಲಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.

ರಸೂಲ್ ಈಗಿಲ್ಲ. ಗುರುಬಾಯಿ ಮೊಮ್ಮಕ್ಕಳನ್ನು ಕಂಡಿದ್ದಾಳೆ. ನಾನೂ ಸಿದ್ರಾಮನೂ ಫೋನು ಮಾಡುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಮೊನ್ನೆ ಅಂಗಡಿಯಿಂದ ಹೊರಗೆ ಬಂದವನೇ ಫೋನು ಹಚ್ಚಿದೆ. ಎತ್ತಿದವನು ಹಲೋ ಕೂಡ ಅನ್ನಲಿಲ್ಲ.

"ಯಾರ್ ಹೋದ್ರೋ?"

"ಯಾರೂ ಹೋಗಿಲ್ಲಲೇ. ಶನಿವಾರ ಪೇಟಿ ತಗೊಂಡು ಬರಾಕತ್ತೇನಿ."

ಅವನು ಒಳಮನೆಯ ಕಡೆ ತಿರುಗಿ ಹೆಂಡತಿಗೆ ಕೂಗಿದ್ದು ಕೇಳಿಸಿತು:

"ಏ ಕೇಳಿದೇನ ಬೇ? ಸುಮ್ನ ಹಾಡಾಕಂತ ಬರ್ತಾನಂತ! ಶನಿವಾರಕ್ಕ ಹುಗ್ಗಿ ಮಾಡು!"