ಪತ್ತನಾಜೆಗೆ ಕಾಯದ ಕಲ್ಲಣಬೆ

ಮಿಜಾರಿನ ನಮ್ಮ ದೊಡ್ಡಮ್ಮನಿಗೆ ಕಲ್ಲಣಬೆ ಏಳುವ ಒಂದು ಜಾಗ ಗೊತ್ತಿತ್ತು. ಮನೆಯ ಹಿಂದಿನ ಗುಡ್ಡೆಯಲ್ಲಿ ಎಲ್ಲೋ ಇದೆ ಎಂಬುದಷ್ಟೇ ನಮಗೆ ತಿಳಿದಿದ್ದದ್ದು. ನಮ್ಮ ಕಡೆ ಅಣಬೆಯ ಜಾಗವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ದೊಡ್ಡಮ್ಮ ಸ್ವಂತ ತಂಗಿಗೂ, ಅಂದರೆ ನನ್ನ ಅಮ್ಮನಿಗೂ, ಬಾಯಿ ಬಿಟ್ಟವರಲ್ಲ. ಮೇ ತಿಂಗಳ ಕೊನೆಗೆ, ಮಳೆಗಾಲದ ಗಡಿಯೆಂದು ತುಳುವರು ಎಣಿಸುವ ಪತ್ತನಾಜೆಯ ದಿನ ಕಳೆದು, ಮೊದಲ ಗುಡುಗು ಬಂದ ಮೂರನೇ ದಿನ ಬುಟ್ಟಿ ಹಿಡಿದು ಒಬ್ಬರೇ ಹೋಗುತ್ತಿದ್ದರು. ತರುತ್ತಿದ್ದ ಅಣಬೆಗಳು ಗೋಲಿಯಷ್ಟು ದಪ್ಪ. ಕೊಯ್ದರೆ ಒಳಗೆ ಬೆಳ್ಳಗೆ. ತೆಂಗಿನಕಾಯಿ ಅರೆದು ಮಾಡುವ ಅದರ ಗಸಿ ತಿನ್ನಲೆಂದೇ ನಾನು ಬಂಟ್ವಾಳದಿಂದ ಬಸ್ಸು ಹತ್ತುತ್ತಿದ್ದೆ.

ಕಳೆದ ವರ್ಷ ಪತ್ತನಾಜೆ ಕಳೆಯುತ್ತಲೇ ಅವರೇ ಫೋನು ಮಾಡಿದರು.

"ಮೊಣಕಾಲು ಇನ್ನು ಗುಡ್ಡೆ ಹತ್ತುವುದಿಲ್ಲ ಮಾರಾಯ್ತಿ. ಈ ಸಲ ನೀನು ಬಾ, ಜಾಗ ತೋರಿಸ್ತೇನೆ. ನಿನ್ನ ಅಮ್ಮನಿಗೆ ಹೇಳಬೇಡ."

ನನಗೆ ಹೆಮ್ಮೆಯೋ ಹೆಮ್ಮೆ. ನಾನು ಕಲಿಸುವ ಶಾಲೆಯಲ್ಲಿ ಮೀಟಿಂಗ್ ಇದೆಯೆಂದು ಅಮ್ಮನಿಗೆ ಸುಳ್ಳು ಹೇಳಿ ಹೊರಟೆ.

ನಾಲ್ಕು ಕಡೆ ಕೂತು ಎದ್ದು ಗುಡ್ಡೆ ಹತ್ತಿದೆವು. ಕಿರಾಲುಬೋಗಿ ಮರಗಳ ಬುಡದಲ್ಲಿ ದೊಡ್ಡಮ್ಮ ಕೋಲಿನಿಂದ ತರಗೆಲೆ ಸರಿಸಿದರು. ಅಣಬೆಗಳಿದ್ದವು. ಆದರೆ ಎಲ್ಲವೂ ಒಣಗಿ ಒಡೆದಿದ್ದವು. ಒತ್ತಿದರೆ ಬರೀ ಕಂದು ಹುಡಿ.

"ಇದು ಎದ್ದು ತಿಂಗಳಾಗಿದೆ" ಎಂದು ದೊಡ್ಡಮ್ಮ ಕಲ್ಲಿನ ಮೇಲೆ ಕುಳಿತುಬಿಟ್ಟರು. "ಏಪ್ರಿಲಿನಲ್ಲಿ ಬಿಸು ಹಬ್ಬ ಆದ ಮರುವಾರ ಗುಡುಗಿತ್ತಲ್ಲ, ಆಗಲೇ. ಅಂಗಳದಲ್ಲಿದ್ದ ಹಪ್ಪಳ ಒಳಗೆ ತಂದದ್ದು ನೆನಪುಂಟು. ಅಣಬೆಯ ನೆನಪೇ ಆಗಲಿಲ್ಲ. ಪತ್ತನಾಜೆ ಆಗಿರಲಿಲ್ಲವಲ್ಲ."

ಆ ಗುಡುಗನ್ನು ನಾನೂ ಕೇಳಿದ್ದೆ. ಭೂಮಿ ಬಿಸಿಯಾಗುತ್ತಿದೆ, ಋತುಗಳು ಹಿಂದುಮುಂದಾಗುತ್ತಿವೆ ಎಂದು ಒಂಬತ್ತನೇ ತರಗತಿಗೆ ವರ್ಷವರ್ಷವೂ ಪಾಠ ಮಾಡುವವಳು ನಾನು. ಆದರೂ ಗಸಿಯ ವಿಷಯ ಬಂದಾಗ ದೊಡ್ಡಮ್ಮನ ಹಾಗೆಯೇ ಕ್ಯಾಲೆಂಡರ್ ನೋಡಿ ಹೊರಟಿದ್ದೆ. ನಾಚಿಕೆಯಾಯಿತು. ಮೊಣಕಾಲೂರಿ ಮಣ್ಣು ಕೆದಕಿದೆ. ಈ ಅಣಬೆ ಮರದ ಬೇರಿಗೆ ನೀರು ಮುಟ್ಟಿಸುತ್ತದೆ, ಬೇರು ಅದಕ್ಕೆ ಊಟ ಕೊಡುತ್ತದೆ. ಅಣಬೆ ಒಂದು ತಿಂಗಳು ಮೊದಲೇ ಎದ್ದುಬಿಟ್ಟರೆ ಮರಕ್ಕೆ ಅದು ಗೊತ್ತಾಗುತ್ತದೆಯೇ? ಅಥವಾ ಮರವೂ ಆಗಲೇ ಎದ್ದಿತ್ತೇ? ದೊಡ್ಡಮ್ಮನನ್ನು ಕೇಳಿದೆ.

"ಅದನ್ನು ನೀನೇ ನೋಡಬೇಕು. ನನಗೆ ಇನ್ನು ಬರಲಿಕ್ಕೆ ಆಗುವುದಿಲ್ಲ" ಎಂದರು. ಕಣ್ಣು ಒದ್ದೆಯಾಗಿತ್ತು.

ಇಳಿಯುವಾಗ ದಿನಾ ಅಲ್ಲಿ ಸೊಪ್ಪು ಕಡಿಯುವ ಪಕ್ಕದ ಮನೆಯ ಹೆಂಗಸು ಎದುರಾದಳು. ಅಣಬೆಯ ಜಾಗ ತಿಳಿದೀತೆಂದು ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದ ದೊಡ್ಡಮ್ಮ ಅಂದು ನಿಂತರು.

"ಆ ಬೋಗಿ ಮರದ ಬುಡದಲ್ಲಿ ಕಲ್ಲಣಬೆ ಏಳ್ತದೆ. ಇನ್ನು ಯಾವಾಗ ಗುಡುಗಿದರೂ ಒಮ್ಮೆ ನೋಡ್ತೀಯಾ?"

ಅವಳು ಸೊಪ್ಪಿನ ಕಟ್ಟು ಕೆಳಗಿಟ್ಟಳು.

"ಜಾಗ ನನಗೆ ಗೊತ್ತುಂಟು ಅಕ್ಕ. ಬಿಸು ಕಳೆದು ಎದ್ದದ್ದನ್ನೂ ನೋಡಿದ್ದೇನೆ. ನಿಮ್ಮದು ಅಂತ ಮುಟ್ಟಲಿಲ್ಲ. ಹೇಳಿದರೆ ಜಾಗ ಇವಳಿಗೂ ಗೊತ್ತಾಯಿತಲ್ಲ ಅಂತ ನಿಮಗೆ ಬೇಜಾರಾದೀತು ಅಂತ ಸುಮ್ಮನಿದ್ದೆ."

ದೊಡ್ಡಮ್ಮ ನನ್ನ ಕಡೆ ತಿರುಗಿ, "ನಿನ್ನ ನಂಬರ್ ಇವಳಿಗೆ ಕೊಡು" ಎಂದರು.